ಸೆಗಣಿಯ ಪೂರ್ವಸಂಸ್ಕಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ನಾಡು ರಾಯಚೂರು. ಕೃಷ್ಣೆಯ ಮಗ್ಗುಲಿಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಈ ಬಿಸಿಲನ್ನು ನೆನೆದು ಹೊರಗಿನವರು ಮರುಗುವುದುಂಟು. ಆದರೆ ಸೆಗಣಿಯಿಂದ ಅನಿಲವನ್ನು ಪಡೆಯಬಯಸುವವರಿಗೆ ಈ ಬಿಸಿಲೇ ಒಂದು ಬಂಡವಾಳ. ಅನಿಲವನ್ನು ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು ೩೫ ಡಿಗ್ರಿಯ ಕಾವು ಬಹಳ ಹಿತವಾದುದು. ಶೀತದೇಶಗಳವರು ಇಂಧನವನ್ನು ಉರಿಸಿ ಒದಗಿಸಬೇಕಾದ ಆ ಕಾವನ್ನು ರಾಯಚೂರಿನ ನೆಲ ವರ್ಷದ ಬಹುಭಾಗ ತಾನಾಗಿಯೇ ಕೊಡುತ್ತದೆ.

ಕಾವಿಗೆ ಕೊರತೆಯಿಲ್ಲ, ಕೊರತೆಯಿರುವುದು ಸೆಗಣಿಗೆ. ಒಂದು ಕಿಲೋಗ್ರಾಂ ಹಸಿ ಸೆಗಣಿಯಿಂದ ದೊರೆಯುವ ಅನಿಲ ಸುಮಾರು ೪೦ ಲೀಟರು. ಐದಾರು ಜನರ ಕುಟುಂಬದ ಅಡುಗೆಗೆ ದಿನಕ್ಕೆ ಎರಡು ಘನಮೀಟರು ಅನಿಲ ಬೇಕು. ಅಂದರೆ ೫೦ ಕಿಲೋಗ್ರಾಂ ಸೆಗಣಿ. ಒಂದು ದನ ದಿನಕ್ಕೆ ಹತ್ತು ಕಿಲೋಗ್ರಾಂ ಸೆಗಣಿ ಹಾಕುತ್ತದೆಂದು ಎಣಿಸಿದರೂ ಐದು ದನಗಳು ಕೊಟ್ಟಿಗೆಯಲ್ಲಿರಬೇಕು. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳನ್ನು ಮಾರಿದ ಮನೆಗಳೆಷ್ಟೋ. ಜೋಡೆತ್ತು ಮಾತ್ರವಿರುವ ದೇವದುರ್ಗದ ರೈತನ ಮನೆಯಲ್ಲಿ ಲೆಕ್ಕ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದುದಕ್ಕೆ ಮನೆಯ ಹೆಣ್ಣುಮಕ್ಕಳು ಕುಳ್ಳನ್ನೂ ಕಟ್ಟಿಗೆಯನ್ನೂ ಉರಿಸಿ, ಹೊಗೆಯನ್ನು ಉಸಿರಾಡಬೇಕಾಗುತ್ತದೆ. ಆದುದರಿಂದ ಇರುವಷ್ಟೇ ಸೆಗಣಿಯಿಂದ ಹೆಚ್ಚು ಅನಿಲವನ್ನು ಪಡೆಯುವುದು ಹೇಗೆ ಎಂಬ ಪ್ರಶ್ನೆ ವಿಜ್ಞಾನಿಯದು ಮಾತ್ರವಲ್ಲ, ಒಲೆಯ ಮುಂದೆ ಕುಳಿತವಳದೂ ಆಗಿದೆ.

ಇದಕ್ಕೆ ಉತ್ತರ ತಿಳಿಯಬೇಕಾದರೆ ಮೊದಲು ಎತ್ತಿನ ಹೊಟ್ಟೆಯನ್ನು ಅರಿಯಬೇಕು. ಎತ್ತು ಮೇವನ್ನು ಅವಸರದಿಂದ ನುಂಗಿ, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಹೀಗೆ ನುಣ್ಣಗಾದ ಮೇವನ್ನು ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಒಡೆದು ಆಹಾರವನ್ನಾಗಿ ಮಾಡುತ್ತವೆ. ಅಲ್ಲಿಯೂ ಮೀಥೇನ್ ಹುಟ್ಟುತ್ತದೆ. ಎತ್ತು ಅದನ್ನು ತೇಗಿ ಹೊರಹಾಕುತ್ತದೆ! ಸುಲಭವಾಗಿ ಜೀರ್ಣವಾಗುವುದೆಲ್ಲ ಅಲ್ಲಿಯೇ ಮುಗಿದುಹೋಗುತ್ತದೆ. ಸೆಗಣಿಯಲ್ಲಿ ಉಳಿಯುವುದು ಹೆಚ್ಚಾಗಿ ಒರಟು ನಾರು. ಈ ನಾರಿನ ಸೆಲ್ಯುಲೋಸನ್ನು ಲಿಗ್ನಿನ್ ಎಂಬ ಗಟ್ಟಿಯಾದ ವಸ್ತು ಗಾರೆಯಂತೆ ಬಿಗಿದು ಹಿಡಿದಿರುತ್ತದೆ.

ಇಂಥ ವಸ್ತುವನ್ನು ನಾವು ಗಾಳಿಯಾಡದ ಗುಂಡಿಗೆ ಹಾಕುತ್ತೇವೆ. ಒಂದು ಬಗೆಯ ಜೀವಿಗಳು ಅದನ್ನು ಒಡೆದು ನೀರಿನಲ್ಲಿ ಕರಗುವಂತೆ ಮಾಡುತ್ತವೆ. ಮತ್ತೊಂದು ಬಗೆಯವು ಅದನ್ನು ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಕಡೆಯ ಬಗೆಯವು ಅದರಿಂದ ಮೀಥೇನನ್ನು ಉಂಟುಮಾಡುತ್ತವೆ. ಇವುಗಳಲ್ಲಿ ನಾರು ಒಡೆಯುವ ಮೊದಲನೆಯ ಕೆಲಸವೇ ಅತಿ ನಿಧಾನ. ಆದುದರಿಂದಲೇ ಸೆಗಣಿ ನಾಲ್ವತ್ತು ದಿನ ಗುಂಡಿಯಲ್ಲಿದ್ದರೂ ಅದರ ಸಾವಯವ ವಸ್ತುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜೀರ್ಣವಾಗದೆ ಹೊರಬರುತ್ತದೆ. ಗುಂಡಿಗೆ ಹಾಕುವ ಮೊದಲೇ ಈ ನಾರನ್ನು ಸಡಿಲಿಸುವುದಕ್ಕೆ ಪೂರ್ವಸಂಸ್ಕಾರವೆಂದು ಹೆಸರು.

ಹಳ್ಳಿಯಲ್ಲಿ ಇದಕ್ಕೆ ಯಂತ್ರಗಳು ಬೇಕಿಲ್ಲ. ಸೆಗಣಿಗೆ ಸಮತೂಕದ ನೀರು ಬೆರೆಸಿ, ಗಂಟುಗಳೆಲ್ಲ ಒಡೆಯುವಂತೆ ಕಲಸಬೇಕು. ಗಂಟಿನ ಒಳಭಾಗವನ್ನು ಜೀವಿಗಳು ಬೇಗ ಮುಟ್ಟಲಾರವು. ಮರಳು ತಳಕ್ಕೆ ಇಳಿಯಲು ಬಿಡಬೇಕು. ತೇಲುವ ಹೊಟ್ಟನ್ನೂ ಜೋಳದ ಸೊಪ್ಪೆಯ ಚೂರುಗಳನ್ನೂ ತೆಗೆಯಬೇಕು. ಇಲ್ಲವಾದರೆ ಅವು ಗುಂಡಿಯೊಳಗೆ ಕೆನೆಯಂತೆ ಹೆಪ್ಪುಗಟ್ಟಿ ಅನಿಲ ಮೇಲೇಳದಂತೆ ತಡೆಯುತ್ತವೆ. ಮಾಗಿಯ ಚಳಿಯಲ್ಲಿ ಬಿಸಿಲಿಗೆ ಕಾದ ನೀರಿನಿಂದ ಕಲಸುವುದು ಮೇಲು. ಇವೆಲ್ಲ ಸಣ್ಣ ಕೆಲಸಗಳೇ. ಆದರೂ ಹಾಳುಬಿದ್ದ ಗೊಬ್ಬರ ಅನಿಲ ಸ್ಥಾವರವನ್ನು ಕಂಡಾಗ, ಈ ಸಣ್ಣ ಕೆಲಸ ನಡೆದಿತ್ತೇ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುತ್ತದೆ. ಅಲ್ಲಿಯ ಹುಲ್ಲನ್ನು ಸೆಗಣಿಯೊಡನೆ ಸೇರಿಸಿ ಕೊರತೆಯನ್ನು ತುಂಬಬಾರದೇಕೆ? ತುಂಬಬಹುದು, ಆದರೆ ಹಾಗೆಯೇ ಹಾಕುವಂತಿಲ್ಲ. ಸೆಗಣಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು ೨೪ ಪಾಲು ಇರುತ್ತದೆ; ಜೀವಿಗಳಿಗೆ ಒಗ್ಗುವುದು ೨೫ರಿಂದ ೩೦. ಭತ್ತದ ಹುಲ್ಲಿನಲ್ಲಾದರೋ ಅದು ೭೦ರ ಸುಮಾರಿಗೆ ಇರುತ್ತದೆ. ಆದ್ದರಿಂದ ಹುಲ್ಲನ್ನು ಮಿತವಾಗಿ ಬಳಸಿ, ಸಾರಜನಕವುಳ್ಳ ಗಂಜಲವನ್ನೂ ಕೂಡಿಸಬೇಕು. ಸಣ್ಣಗೆ ಕತ್ತರಿಸಿದ ಹುಲ್ಲನ್ನು ತೇವಮಾಡಿ ಕೆಲವು ದಿನ ಗಾಳಿಯಲ್ಲಿ ಕೊಳೆಯಿಸಿದರೆ ನಾರು ಮೆತ್ತಗಾಗುತ್ತದೆ. ಹೆಚ್ಚು ದಿನ ಬಿಟ್ಟರೆ ಅನಿಲವಾಗಬೇಕಾದ ಇಂಗಾಲ ಗಾಳಿಗೆ ಸೇರಿಹೋಗುತ್ತದೆ. ಸುಣ್ಣದ ನೀರಿನಲ್ಲಿ ನೆನೆಯಿಡುವ ಕ್ರಮವೂ ಉಂಟು. ಸುಣ್ಣವು ಲಿಗ್ನಿನ್ನಿನ ಬಿಗಿತವನ್ನು ಸಡಿಲಿಸುತ್ತದೆ. ಆದರೆ ಮಿತಿಮೀರಿದ ಕ್ಷಾರ ಗುಂಡಿಗಿಳಿದರೆ ಮೀಥೇನ್ ಜೀವಿಗಳೇ ಸಾಯುತ್ತವೆ.

ಇನ್ನು ನಗರದ ಮಾತು. ಒಳಚರಂಡಿಯ ನೀರನ್ನು ಶುದ್ಧಗೊಳಿಸುವಾಗ ತಳದಲ್ಲಿ ಕೆಸರು ನಿಲ್ಲುತ್ತದೆ. ರಾಯಚೂರಿನಂಥ ಊರುಗಳ ಮಟ್ಟಿಗೆ ಈ ಕೆಸರೂ ಇಂಧನದ ಮೂಲವಾಗಬಲ್ಲದು. ಇದರಲ್ಲಿ ತೊಡಕು ನಾರಿನದಲ್ಲ. ನೀರನ್ನು ಶುದ್ಧಗೊಳಿಸಿದ ಕೋಟಿಕೋಟಿ ಸೂಕ್ಷ್ಮಜೀವಿಗಳ ದೇಹಗಳೇ ಈ ಕೆಸರಿನ ದೊಡ್ಡ ಪಾಲು; ಅವುಗಳ ಕೋಶಭಿತ್ತಿ ಬಲು ಗಟ್ಟಿ. ನಾರ್ವೆ ದೇಶದ ಹಾಮರ್ ಎಂಬಲ್ಲಿ ೧೯೯೫ರಲ್ಲಿ ಇದಕ್ಕೊಂದು ಸ್ಥಾವರ ಆರಂಭವಾಯಿತು. ಅಲ್ಲಿ ಅನುಸರಿಸಿದ ವಿಧಾನದಲ್ಲಿ, ಒತ್ತಡದ ಹಬೆಯಿಂದ ಕೆಸರನ್ನು ಸುಮಾರು ೧೬೦ ಡಿಗ್ರಿಗೆ ಕಾಯಿಸಿ, ಅರ್ಧ ಗಂಟೆಯ ಸುಮಾರು ಹಾಗೆಯೇ ಇಟ್ಟು, ಒಮ್ಮೆಗೇ ಒತ್ತಡವನ್ನು ಇಳಿಸುತ್ತಾರೆ. ಆಗ ಕೋಶಗಳು ಸಿಡಿದು ಒಳಗಿನ ರಸ ಹೊರಬರುತ್ತದೆ. ರೋಗಾಣುಗಳೂ ಹುಳುಗಳ ಮೊಟ್ಟೆಗಳೂ ಆ ಕಾವಿಗೆ ನಾಶವಾಗುತ್ತವೆ.

ಈ ವಿಧಾನ ದೊಡ್ಡ ನಗರಗಳಿಗೆ ಸಲ್ಲುವುದೇ ಹೊರತು ಹಳ್ಳಿಯ ಮನೆಗಲ್ಲ. ಕಾಯಿಸಲು ತಗಲುವ ಶಕ್ತಿ, ಹೆಚ್ಚಾಗಿ ದೊರೆಯುವ ಅನಿಲದ ಶಕ್ತಿಗಿಂತ ಕಡಿಮೆಯಾಗಿರಬೇಕಷ್ಟೆ. ಕಾರ್ಖಾನೆಗಳ ನೀರು ಸೇರಿದ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳಿದ್ದರೆ ಯಾವ ಕಾವೂ ಅವನ್ನು ಕಳೆಯಲಾರದು. ಅಂಥ ಕೆಸರನ್ನು ಹೊಲಕ್ಕೆ ಹಾಕಲಾಗದು. ಸೆಗಣಿಯ ಗುಂಡಿಯಿಂದ ಬರುವ ಬಗ್ಗಡಕ್ಕೆ ಈ ಭಯವಿಲ್ಲ. ಅದರಲ್ಲಿ ಸಾರಜನಕ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಕುಳ್ಳು ತಟ್ಟಿ ಉರಿಸಿದ್ದರೆ ಹೊಗೆಯೊಡನೆ ಹೋಗುತ್ತಿದ್ದ ಆ ಸಾರಜನಕ, ದೇವದುರ್ಗದ ಹತ್ತಿಯ ಹೊಲಕ್ಕೋ ಮಾನ್ವಿಯ ಗದ್ದೆಗೋ ಮರಳಿ ಸೇರುತ್ತದೆ.