ಪಂಪ್ ಗೊತ್ತಿಲ್ಲದ ಮೇಸ್ತ್ರಿ, ಪಾಯಿಂಟ್ ಗೊತ್ತಿಲ್ಲದ ಹುಡುಗ

ಮೈಸೂರಿನ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಾಗಲಿ, ಆರ್‌ಎಕ್ಸ್ 100ರಲ್ಲಾಗಲಿ, ಹಳೆಯ ಬುಲೆಟ್ಟಿನಲ್ಲಾಗಲಿ ಪೆಟ್ರೋಲನ್ನು ಎಂಜಿನ್ನಿಗೆ ಮುಟ್ಟಿಸಲು ಬೇರೆ ಯಂತ್ರ ಇರಲಿಲ್ಲ. ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ, ನಡುವೆ ಒಂದು ಕಾಕ್ ಮತ್ತು ಗೇಣುದ್ದದ ಪೈಪು. ಉಳಿದದ್ದನ್ನು ಭೂಮಿಯ ಸೆಳೆತ ನೋಡಿಕೊಳ್ಳುತ್ತಿತ್ತು. 1996ರಲ್ಲಿ ಮೈಸೂರಿನ ಆ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಅದರ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತಲೇ ಕಸುಬು ಕಲಿತ ಮೇಸ್ತ್ರಿಗಳು ನಮ್ಮ ಊರುಗಳ ಗಲ್ಲಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಕಾರ್ಬ್ಯುರೇಟರ್ ಕರತಲಾಮಲಕ. ಪಂಪ್ ಮಾತ್ರ ಅವರ ಕೈಗೆ ಬಂದದ್ದೇ ಇಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಲೆಕ್ಕ ತಿರುಗಿತು. ಹೊಸ ಬೈಕುಗಳು ಹೆಚ್ಚುಕಡಿಮೆ ಎಲ್ಲವೂ ಫ್ಯೂಯಲ್ ಇಂಜೆಕ್ಷನ್ನಿಗೆ ಹೋದವು. ಟ್ಯಾಂಕಿನೊಳಗೇ ಒಂದು ಕರೆಂಟಿನ ಪಂಪು ಮುಳುಗಿ ಕೂತಿತು. ಈಗ ಸರ್ವಿಸ್ ಸೆಂಟರಿನಲ್ಲಿ ಕೆಲಸ ಕಲಿಯುವ ಹುಡುಗನಿಗೆ ಪಂಪ್ ಗೊತ್ತು, ಕಾರ್ಬ್ಯುರೇಟರ್ ಗೊತ್ತಿಲ್ಲ.

ಈ ಇಬ್ಬರ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿರುವುದು ಕಾರ್ಬ್ಯುರೇಟರೂ ಇದ್ದು ಪಂಪೂ ಇರುವ ಬೈಕು. 1975ರಲ್ಲಿ ಬಂದ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1000ರಲ್ಲಿ ಪೆಟ್ರೋಲ್ ಇದ್ದದ್ದು ಸೀಟಿನಡಿ. ಎದುರಿಗೆ ಟ್ಯಾಂಕಿನಂತೆ ಕಾಣುತ್ತಿದ್ದದ್ದು ಬರೀ ತೋರಿಕೆಯ ಮುಚ್ಚಳ. ಹಾಗಾಗಿ ಕ್ಯಾಮ್‌ಶಾಫ್ಟಿನಿಂದ ಓಡುವ ಪಂಪೊಂದು ಬೇಕಾಯಿತು. ಯಮಹಾ ವಿರಾಗೊ 535ರ ಮುಖ್ಯ ಟ್ಯಾಂಕೂ ಸೀಟಿನ ಕೆಳಗೇ, ಅದಕ್ಕೆ ಕರೆಂಟಿನ ಪಂಪು. ಹೋಂಡಾ ಆಫ್ರಿಕಾ ಟ್ವಿನ್ 750ರದು ಇನ್ನೊಂದು ಕಥೆ. ಮರುಭೂಮಿ ದಾಟುವಷ್ಟು ಪೆಟ್ರೋಲ್ ಹಿಡಿಯಬೇಕೆಂದು ಮಾಡಿದ ಅದರ ದೊಡ್ಡ ಟ್ಯಾಂಕು ಎರಡೂ ಮಗ್ಗುಲಿಗೆ ಇಳಿಬಿದ್ದಿರುತ್ತದೆ. ತಳದಲ್ಲಿ ಉಳಿದ ಪೆಟ್ರೋಲ್ ತಾನಾಗಿ ಮೇಲೇರಿ ಕಾರ್ಬ್ಯುರೇಟರ್ ಸೇರಲಾರದು.

ಬೆಂಗಳೂರಿನ ಗೆಳೆಯರೊಬ್ಬರ ಗಾಡಿ ಈ ಜಾತಿಯದು. ತೊಂಬತ್ತರ ದಶಕದ ಜಪಾನಿ ವಿ-ಟ್ವಿನ್. ಗಲ್ಫ್‌ನಿಂದ ಮರಳಿದವರೊಬ್ಬರು ತಂದದ್ದು ಕೈ ಬದಲಾಯಿಸಿ ಇವರಿಗೆ ಬಂತು. ಅದರ ಪಂಪ್ ಕೈಕೊಟ್ಟಾಗ ಸ್ಪ್ಯಾನರ್ ಎತ್ತಿ ಕೊಡುವುದರಿಂದ ಹಿಡಿದು ಅಂಗಡಿ ಅಲೆಯುವವರೆಗೆ ಜೊತೆಗಿದ್ದದ್ದು ನಾನು.

ಕಾಯಿಲೆ ಶುರುವಿನಲ್ಲಿ ಪಂಪಿನದೆಂದು ಹೇಳುವಂತೆಯೇ ಇರಲಿಲ್ಲ. ಊರೊಳಗೆ ಗಾಡಿ ಚೆನ್ನಾಗಿ ಓಡುತ್ತಿತ್ತು. ತುಮಕೂರು ರಸ್ತೆ ಹಿಡಿದು ಶಿರಾ ದಾಟಿದ ಮೇಲೆ, ಟ್ಯಾಂಕು ಅರ್ಧಕ್ಕೆ ಇಳಿಯುವ ಹೊತ್ತಿಗೆ, ನೂರರ ವೇಗದಲ್ಲಿ ಒಮ್ಮೆ ಮುಗ್ಗರಿಸಿ ಆಫ್ ಆಗುತ್ತಿತ್ತು. ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಒಬ್ಬರು ಟ್ಯಾಂಕಿನಲ್ಲಿ ಕಸ ಎಂದರು. ಇನ್ನೊಬ್ಬರು ಕಾಯ್ಲ್ ಬಿಸಿಯಾಗುತ್ತಿದೆ ಎಂದರು. ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದವರದು ಬುದ್ಧಿವಂತಿಕೆಯ ಮಾತೇ. ಆದರೆ ಮುಚ್ಚಳ ಸಡಿಲಿಸಿ ಓಡಿಸಿದರೂ ರೋಗ ಹಾಗೆಯೇ ಇತ್ತು. ಟ್ಯಾಂಕು ತುಂಬಿದ್ದಾಗ ಪೆಟ್ರೋಲಿನ ಮಟ್ಟ ಕಾರ್ಬ್ಯುರೇಟರಿಗಿಂತ ಮೇಲಿರುತ್ತದೆ, ಪಂಪು ಸತ್ತಿದ್ದರೂ ಅಷ್ಟಿಷ್ಟು ಇಳಿದು ಬರುತ್ತದೆ. ಮಟ್ಟ ಕುಸಿದ ಮೇಲಷ್ಟೇ ಪಂಪಿನ ಬಂಡವಾಳ ಬಯಲಾಗುವುದು.

ಇಲ್ಲೊಂದು ಸಣ್ಣ ಗಣಿತ ಬಹಳ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಲೀಟರಿಗೆ 20 ಕಿ.ಮೀ. ಕೊಡುವ ಗಾಡಿ ಗಂಟೆಗೆ ಕುಡಿಯುವುದು 5 ಲೀಟರ್. ಅಂದರೆ ನಿಮಿಷಕ್ಕೆ 83 ಮಿಲಿಲೀಟರ್. ಈ ದರ್ಜೆಯ ಪಂಪು ಸುಸ್ಥಿತಿಯಲ್ಲಿದ್ದರೆ ನಿಮಿಷಕ್ಕೆ ಮುಕ್ಕಾಲು ಲೀಟರಿನ ಆಸುಪಾಸು ತಳ್ಳುತ್ತದೆ. ಬೇಕಾದ್ದಕ್ಕಿಂತ ಒಂಬತ್ತು ಪಟ್ಟು! ಅದಕ್ಕೇ ಪಂಪು ಅರ್ಧಕ್ಕರ್ಧ ಸೊರಗಿದರೂ ಸವಾರನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಕೊನೆಯುಸಿರು ಎಳೆಯುತ್ತಿರುತ್ತದೆ. ಕಾರ್ಬ್ಯುರೇಟರಿಗೆ ಹೋಗುವ ಪೈಪು ಕಳಚಿ ಅಳತೆಯ ಗುರುತಿದ್ದ ಸೀಸೆಗೆ ಬಿಟ್ಟು, ಐದು ಸೆಕೆಂಡು ಪಂಪು ಓಡಿಸಿ, ಬಂದದ್ದನ್ನು ಹನ್ನೆರಡರಿಂದ ಗುಣಿಸಿದರೆ ಸಾಕು. ಊಹಾಪೋಹಕ್ಕೆಲ್ಲ ಅಲ್ಲಿಗೆ ತೆರೆ.

ಆದರೆ ಪಂಪು ಓಡದಿದ್ದರೆ ಅದು ಪಂಪಿನದೇ ತಪ್ಪು ಎಂದಾಗುವುದಿಲ್ಲ. ಇಂಥ ಹಲವು ಗಾಡಿಗಳಲ್ಲಿ ನಡುವೆ ಒಂದು ರಿಲೇ ಇರುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬರುತ್ತಿರುವ ತನಕ ಮಾತ್ರ ಅದು ಪಂಪಿಗೆ ಕರೆಂಟು ಬಿಡುತ್ತದೆ. ಗಾಡಿ ಬಿದ್ದು ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲಲಿ ಎಂಬ ಏರ್ಪಾಡು. ಆ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟರೂ ಪಂಪು ಸತ್ತಂತೆಯೇ ಕಾಣುತ್ತದೆ. ಮೊದಲು ಮೀಟರ್ ಹಿಡಿದು ಪಂಪಿನ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿದೆಯೇ, ಅರ್ಥಿಂಗ್ ಸರಿ ಇದೆಯೇ ಎಂದು ನೋಡಬೇಕು. ಗೆಳೆಯರ ಗಾಡಿಯಲ್ಲಿ ಎರಡೂ ಸರಿ ಇದ್ದವು. ಪಂಪಿನ ಮೈಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಎರಡು ಏಟು ಕೊಟ್ಟರೆ ಟಕಟಕ ಶುರು. ಸ್ವಲ್ಪ ಹೊತ್ತಿಗೆ ಮತ್ತೆ ಮೌನ.

ಚಾಮರಾಜಪೇಟೆಯ ಮೇಸ್ತ್ರಿಯ ಮುಂದೆ ಪಂಪು ಇಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ ಸಾರ್ ಹಾರ್ನ್ ಇದ್ದಂಗಿದೆ, ಬೈಕಿಗೆ ಯಾಕೆ ಪಂಪು?” ಎಂದರು. ಹಿಂಬದಿಯ ಮುಚ್ಚಳದ ಸಣ್ಣ ಸ್ಕ್ರೂಗಳು ಬಿಚ್ಚಿಕೊಂಡ ಮೇಲೆ ಅವರ ಮುಖ ಬೇರೆಯಾಯಿತು. ಒಳಗೆ ಎರಡು ಪುಟ್ಟ ಲೋಹದ ತುಂಡುಗಳು ಮುಖಾಮುಖಿ ಕೂತಿದ್ದವು. ಎರಡೂ ಕಪ್ಪು. ಒಂದರಲ್ಲಿ ಸಾಸಿವೆಯಷ್ಟು ಗುಳಿ, ಇನ್ನೊಂದರಲ್ಲಿ ಅದೇ ಅಳತೆಯ ಮೊನೆ.

“ಅಯ್ಯೋ, ಇದು ನಮ್ಮ ಯೆಜ್ಡಿ ಪಾಯಿಂಟೇ ಸಾರ್. ಕಂಡೆನ್ಸರ್ ಎಲ್ಲಿ?”

ಆ ಪ್ರಶ್ನೆಗೆ ನನ್ನ ದೃಷ್ಟಿಯಲ್ಲಿ ಇಡೀ ಸರ್ವಿಸ್ ಮ್ಯಾನ್ಯುಯಲ್ ಸಮ. ಈ ಪಂಪು ಕೆಲಸ ಮಾಡುವ ಬಗೆಯೇ ಹಾಗೆ. ಪಾಯಿಂಟು ಕೂಡಿದಾಗ ಸುರುಳಿಗೆ ಕರೆಂಟು ಹರಿದು ರಬ್ಬರ್ ಡಯಾಫ್ರಮನ್ನು ಎಳೆಯುತ್ತದೆ, ಪೆಟ್ರೋಲ್ ಒಳಬರುತ್ತದೆ. ಎಳೆತ ಮುಗಿದ ಕೂಡಲೇ ಪಾಯಿಂಟು ಬಿಡುತ್ತದೆ, ಸ್ಪ್ರಿಂಗು ಡಯಾಫ್ರಮನ್ನು ಹಿಂದಕ್ಕೆ ತಳ್ಳಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ದಾಟಿಸುತ್ತದೆ. ಫ್ಲೋಟ್ ಬೌಲ್ ತುಂಬಿ ಸೂಜಿ ಬಾಯಿ ಮುಚ್ಚಿದರೆ ಸ್ಪ್ರಿಂಗಿಗೆ ತಳ್ಳಲು ಜಾಗವಿಲ್ಲ; ಪಂಪು ತಾನೇ ನಿಲ್ಲುತ್ತದೆ. ಪ್ರತಿ ಸಲ ಪಾಯಿಂಟು ಬಿಡುವಾಗಲೂ ಕಿಡಿ ಹಾರುತ್ತದೆ. ಆ ಕಿಡಿಯನ್ನು ಅಡಗಿಸಲು ಇಟ್ಟ ಪುಟ್ಟ ಬಿಡಿಭಾಗ ಕೆಟ್ಟರೆ ಪಾಯಿಂಟು ಸುಟ್ಟು ಗುಳಿ ಬೀಳುತ್ತದೆ, ಯೆಜ್ಡಿಯ ಇಗ್ನಿಷನ್ ಪಾಯಿಂಟಿನಲ್ಲಿ ಆಗುವಂತೆಯೇ. ಮೇಸ್ತ್ರಿ ಅರದಿಂದ ನಾಜೂಕಾಗಿ ಉಜ್ಜಿ, ಕೆಟ್ಟ ಬಿಡಿಭಾಗ ಬದಲಾಯಿಸಿ ಕೊಟ್ಟರು. ಗಾಡಿ ಓಡಿತು.

ಓಡಿತು, ಆದರೆ ಬಹಳ ದಿನ ಬಾಳಲಿಲ್ಲ. ಪಂಪಿನ ಗಾಳಿ ತೂತಿನಿಂದ ಪೆಟ್ರೋಲ್ ಜಿನುಗತೊಡಗಿತು. ಪಾಯಿಂಟನ್ನು ಉಜ್ಜಬಹುದು, ಬಿರುಸಾಗಿ ಸೀಳಿದ ಡಯಾಫ್ರಮನ್ನು ಏನು ಮಾಡುವುದು? ರಬ್ಬರಿಗೆ ವಯಸ್ಸಾಗಿತ್ತು ಎಂಬುದು ಒಂದು. ಈಗಿನ ಪೆಟ್ರೋಲ್ ಬೇರೆ ಎಂಬುದು ಇನ್ನೊಂದು. ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲ್ ತಾಳದ ಹಳೆಯ ಕಾಲದ ರಬ್ಬರ್ ಅದರಲ್ಲಿ ನೆನೆದು ಊದುತ್ತದೆ, ಒಣಗಿದಾಗ ಬಿರುಸಾಗುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗೆ ಈ ಕಾಟ ಹೆಚ್ಚು.

ಹೊಸ ಪಂಪು ಹುಡುಕಿ ಜೆ.ಸಿ. ರಸ್ತೆಗೆ ಹೋದಾಗ ಅಂಗಡಿಯ ಹುಡುಗ ಥಟ್ಟನೆ ಒಂದನ್ನು ತಂದಿಟ್ಟ. ಇಂಜೆಕ್ಷನ್ ಬೈಕಿನದು. “ಪಂಪ್ ಅಂದ್ರೆ ಪಂಪೇ ಸಾರ್. ಹಾಕಿ, ಓಡ್ಸಿ.” ಅವನ ಧೈರ್ಯ ಮೆಚ್ಚಬೇಕಾದ್ದೇ. ಆದರೆ ಇಂಜೆಕ್ಷನ್ ಪಂಪಿನ ಒತ್ತಡ 40 ಪಿಎಸ್‌ಐ ಆಸುಪಾಸು. ಕಾರ್ಬ್ಯುರೇಟರಿನ ಸೂಜಿ ತಡೆಯುವುದು ಹೆಚ್ಚೆಂದರೆ 2–3 ಪಿಎಸ್‌ಐ. ಆ ಪಂಪು ಹಾಕಿದರೆ ಸೂಜಿ ಬಾಯಿ ಮುಚ್ಚಲಾಗದೆ ಬೌಲ್ ಉಕ್ಕುತ್ತದೆ. ಉಕ್ಕಿದ್ದು ಬಿಸಿ ಎಂಜಿನ್ನಿನ ಮೇಲೆ ಸುರಿದರೆ ಬೆಂಕಿಯ ಭಯ. ಸಿಲಿಂಡರಿಗೆ ಇಳಿದರೆ ಎಂಜಿನ್ ಆಯಿಲ್ ತೆಳ್ಳಗಾಗುತ್ತದೆ. ಪಿಸ್ಟನ್ನಿನ ಮೇಲೆ ಪೆಟ್ರೋಲ್ ನಿಂತಿದ್ದಾಗ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಕಾರ್ಬ್ಯುರೇಟರಿದ್ದ ಹಳೆಯ ಮಾರುತಿ 800ರ ಪಂಪು ಒತ್ತಡಕ್ಕೆ ಹೊಂದುತ್ತದೆಯಾದರೂ ಅದು ಎಂಜಿನ್ನಿನ ಕ್ಯಾಮ್ ತಳ್ಳಿದರೆ ಓಡುವಂಥದ್ದು, ಕರೆಂಟಿನದಲ್ಲ. ಕೊನೆಗೆ 12 ವೋಲ್ಟಿನ, 2 ಪಿಎಸ್‌ಐ ಒತ್ತಡದ, ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಪಂಪನ್ನು ಹೊರಗಿನಿಂದ ತರಿಸಬೇಕಾಯಿತು.

ಕೂರಿಸುವ ಕೆಲಸದಲ್ಲಿ ದೊಡ್ಡ ಗುಟ್ಟೇನಿಲ್ಲ; ಗಮನ ಬೇಕು, ಅಷ್ಟೆ. ಎಂಜಿನ್ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ವೈರು ಕಳಚಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲ ಹಿಡಿದು ಹರಿಯುತ್ತದೆ. ಪಕ್ಕದ ಟೀ ಅಂಗಡಿಯ ಒಲೆಯೂ ದೂರವಲ್ಲ. ಮೇಸ್ತ್ರಿ ಬೀಡಿ ಸೇದುವವರನ್ನೆಲ್ಲ ರಸ್ತೆಯ ಆಚೆಗೆ ಅಟ್ಟಿದರು. ಪಂಪಿನ ಮೈಮೇಲಿನ ಬಾಣದ ಗುರುತು ಕಾರ್ಬ್ಯುರೇಟರಿನ ಕಡೆಗಿರಬೇಕು. ಪಂಪಿಗಿಂತ ಮೊದಲು ಫಿಲ್ಟರ್. ಇಂಥ ಪಂಪು ತಳ್ಳುವಷ್ಟು ಚೆನ್ನಾಗಿ ಎಳೆಯುವುದಿಲ್ಲ, ಆದ್ದರಿಂದ ಟ್ಯಾಂಕಿನ ಮಟ್ಟಕ್ಕಿಂತ ಕೆಳಗೇ ಕೂರಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಹಳೆಯ ಪಾಯಿಂಟ್ ಪಂಪು ಸಹಿಸಿಕೊಂಡೀತು, ಎಲೆಕ್ಟ್ರಾನಿಕ್ ಪಂಪು ಸಹಿಸದು. ಪೈಪಿನ ವಿಷಯದಲ್ಲಿ ಜಿಪುಣತನ ಸಲ್ಲದು: ಎಥನಾಲ್ ತಡೆಯುತ್ತದೆ ಎಂದು ನಮೂದಿಸಿದ ಪೆಟ್ರೋಲ್ ಪೈಪನ್ನೇ ಹಾಕಬೇಕು, ಮೀಟರಿನ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪೈಪು ಎಷ್ಟೇ ಚೆಂದ ಕಂಡರೂ.

ಕೀ ಆನ್ ಮಾಡಿ, ರಿಲೇಯ ವೈರುಗಳನ್ನು ಕ್ಷಣಕಾಲ ಕೂಡಿಸಿದಾಗ ಟಕಟಕ ಜೋರಾಗಿ ಶುರುವಾಗಿ, ಬೌಲ್ ತುಂಬುತ್ತಿದ್ದಂತೆ ಬಿಡಿಬಿಡಿಯಾಗಿ ನಿಂತಿತು. ನಿಲ್ಲದೆ ಹೊಡೆದುಕೊಳ್ಳುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಸೂಜಿ ಸವೆದಿದೆ ಎಂದರ್ಥ. “ಒಂದು ವಾರ ಬಿಟ್ಟು ಆಯಿಲ್ ಕಡ್ಡಿ ಮೂಸಿ ನೋಡಿ ಸಾರ್,” ಎಂದರು ಮೇಸ್ತ್ರಿ. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಪಂಪಿನದಲ್ಲ, ಸೂಜಿಯ ಸರದಿ.

ಗೆಳೆಯರು ಈಗ ಸೀಟಿನಡಿ ಒಂದು ತುಂಡು ಪೈಪು ಮತ್ತು ಎರಡು ಕ್ಲಿಪ್ ಇಟ್ಟುಕೊಂಡಿರುತ್ತಾರೆ. ದಾರಿಯಲ್ಲಿ ಪಂಪು ನಿಂತರೆ ಅದನ್ನು ಬಿಟ್ಟು ಫಿಲ್ಟರಿನಿಂದ ನೇರ ಕಾರ್ಬ್ಯುರೇಟರಿಗೆ ಜೋಡಿಸಿ, ಟ್ಯಾಂಕು ಕಂಠಮಟ್ಟ ತುಂಬಿಸಿದರೆ ಅರವತ್ತರ ವೇಗದಲ್ಲಿ ಓಡಿಸಬಹುದು. ಅರ್ಧ ಟ್ಯಾಂಕಿಗೊಮ್ಮೆ ಬಂಕಿನ ಮುಂದೆ ನಿಲ್ಲಬೇಕು, ಅಷ್ಟೇ.