ಜೆಲ್‌ನಲ್ಲಿ ಹಿಂದುಳಿಯುವ ಡಿಎನ್‌ಎ

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಡಿಎನ್‌ಎಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ಜೀನ್‌ಗಳ ಕೆಲಸವನ್ನು ನಡೆಸುವ ಅಥವಾ ತಡೆಯುವ ಪ್ರೋಟೀನುಗಳು. ಇ. ಕೋಲೈ ಬ್ಯಾಕ್ಟೀರಿಯಾದ ಲ್ಯಾಕ್ ರಿಪ್ರೆಸರ್ ತಡೆಯುವ ಬಗೆಯದು. ಲ್ಯಾಕ್ಟೋಸ್ ಇಲ್ಲದಿರುವಾಗ ಅದನ್ನು ಒಡೆಯುವ ಕಿಣ್ವ ತಯಾರಾಗದಂತೆ ಇದು ನೋಡಿಕೊಳ್ಳುತ್ತದೆ. ಇಂಥದ್ದೊಂದು ಇರಲೇಬೇಕೆಂದು ಜಾಕೋಬ್ ಮತ್ತು ಮೋನೋ 1961ರಲ್ಲಿ ತರ್ಕಿಸಿದರು. ಗಿಲ್ಬರ್ಟ್ ಮತ್ತು ಮುಲ್ಲರ್-ಹಿಲ್ 1966ರಲ್ಲಿ ಅದನ್ನು ಬೇರ್ಪಡಿಸಿದರು.

ರಿಪ್ರೆಸರ್‌ನ ಒಂದು ಸಣ್ಣ ಸುರುಳಿ ಡಿಎನ್‌ಎಯ ಅಗಲವಾದ ತೋಡಿನಲ್ಲಿ ಕೂರುತ್ತದೆ. ಎಳೆಗಳನ್ನು ಬಿಚ್ಚದೆಯೇ, ಬೇಸ್‌ಗಳ ಅಂಚಿನೊಂದಿಗೆ ಹೈಡ್ರೋಜನ್ ಬಂಧ ಬೆಸೆದು ಅಕ್ಷರಕ್ರಮವನ್ನು ಗುರುತಿಸುತ್ತದೆ. ಇದರ ಜೊತೆಗೆ, ಪ್ರೋಟೀನಿನ ಧನ ವಿದ್ಯುದಂಶ ಡಿಎನ್‌ಎ ಬೆನ್ನೆಲುಬಿನ ಋಣ ಫಾಸ್ಫೇಟ್‌ಗಳತ್ತ ಸೆಳೆಯಲ್ಪಡುತ್ತದೆ. ಫಾಸ್ಫೇಟ್ ಎಲ್ಲ ಡಿಎನ್‌ಎಯಲ್ಲೂ ಒಂದೇ. ಆದ್ದರಿಂದ ರಿಪ್ರೆಸರ್ ಸಿಕ್ಕಸಿಕ್ಕಲ್ಲಿ ಸಡಿಲವಾಗಿ ಅಂಟುತ್ತದೆ.

ಪ್ರಯೋಗಾಲಯದಲ್ಲಿ ತೊಡಕಾಗುವುದು ಈ ಎರಡನೆಯ ಸೆಳೆತವೇ. ಗುರುತು ಹಾಕಿದ ಡಿಎನ್‌ಎ ತುಣುಕನ್ನು ಪ್ರೋಟೀನಿನೊಂದಿಗೆ ಬೆರೆಸಿ ಜೆಲ್‌ನಲ್ಲಿ ಓಡಿಸಿದರೆ, ಬರಿಯ ಡಿಎನ್‌ಎ ಮುಂದೋಡುತ್ತದೆ, ಪ್ರೋಟೀನು ಹೊತ್ತದ್ದು ಹಿಂದುಳಿಯುತ್ತದೆ. ಪುಸ್ತಕದಲ್ಲಿ ಎರಡು ಅಚ್ಚುಕಟ್ಟಾದ ಪಟ್ಟಿಗಳಿರುತ್ತವೆ. ಜೀವಕೋಶದ ರಸವನ್ನು ನೇರವಾಗಿ ಬಳಸಿದವರಿಗೆ ಕಾಣುವುದು ಬಹುಮಟ್ಟಿಗೆ ಉದ್ದಕ್ಕೂ ಬಳಿದಂತಿರುವ ಕಲೆ, ಇಲ್ಲವೇ ಗುಳಿಯಲ್ಲೇ ಸಿಕ್ಕಿಕೊಂಡ ಗುರುತು. ಈ ಲೇಖಕನ ಅನುಭವವೂ ಇದೇ. ಪಾಲಿ ಡಿಐ-ಡಿಸಿ ಎಂಬ ಕೃತಕ ಡಿಎನ್‌ಎಯನ್ನು ಮೊದಲೇ ಸೇರಿಸಿದರೆ ಸಡಿಲ ಬಂಧಗಳೆಲ್ಲ ಅದರ ಪಾಲಾಗುತ್ತವೆ. ಆಮೇಲೂ ಉಳಿದ ಪಟ್ಟಿ ನಿಜವಾದ ತಾಣದ್ದೇ ಆಗಿದ್ದರೆ, ಗುರುತಿಲ್ಲದ ಅದೇ ತುಣುಕನ್ನು ಧಾರಾಳವಾಗಿ ಹಾಕಿದಾಗ ಮಾಯವಾಗಬೇಕು, ಅಕ್ಷರ ಬದಲಿಸಿದ ತುಣುಕಿಗೆ ಜಗ್ಗಬಾರದು. ಪಟ್ಟಿಯೇ ಬಾರದಿದ್ದರೆ ಹೊಸಬರು ಪ್ರೋಟೀನು ಕೆಟ್ಟಿದೆ ಎನ್ನುತ್ತಾರೆ; ಪಳಗಿದವರು ಮೊದಲು ಬಫರಿನ ಉಪ್ಪನ್ನು ನೋಡುತ್ತಾರೆ. ಉಪ್ಪು ಏರಿದಂತೆ ಬಂಧ ಸಡಿಲವಾಗುತ್ತದೆ.

ಜೆಲ್‌ನಲ್ಲಿ ಕಾಟ ಕೊಡುವ, ಸಿಕ್ಕಸಿಕ್ಕಲ್ಲಿ ಸಡಿಲವಾಗಿ ಅಂಟುವ ಇದೇ ಗುಣ ಜೀವಕೋಶಕ್ಕೆ ಉಪಕಾರಿ. ಸುಮಾರು 46 ಲಕ್ಷ ಬೇಸ್ ಜೋಡಿಗಳ ನಡುವೆ ಬೆರಳೆಣಿಕೆಯ ರಿಪ್ರೆಸರ್‌ಗಳು ತಮ್ಮ ತಾಣ ಹುಡುಕಬೇಕು. ದ್ರವದಲ್ಲಿ ಅಲೆದು ತಲುಪುವ ವೇಗಕ್ಕಿಂತ ರಿಪ್ರೆಸರ್ ತನ್ನ ತಾಣಕ್ಕೆ ಬೇಗ ಅಂಟುತ್ತದೆಂದು ರಿಗ್ಸ್ ಮತ್ತು ಸಂಗಡಿಗರು 1970ರಲ್ಲಿ ಅಳೆದು ತೋರಿಸಿದರು. ಡಿಎನ್‌ಎ ಮೇಲೆಯೇ ಜಾರುತ್ತ ಹುಡುಕುವುದು ಇದಕ್ಕೆ ಮುಖ್ಯ ವಿವರಣೆ. ಜೀವಂತ ಕೋಶದಲ್ಲಿ ಹುಡುಕಾಟದ ಬಹುಪಾಲು ಸಮಯ ಹೀಗೆ ಸಡಿಲವಾಗಿ ಅಂಟಿಕೊಂಡೇ ಕಳೆಯುತ್ತದೆಂದು 2007ರಲ್ಲಿ ಕಂಡುಬಂತು.

ಆದರೆ ಅಂಟುವುದೇ ನಿಯಂತ್ರಣವಲ್ಲ. ಕೋಶದೊಳಗೆ ಆ ತಾಣವನ್ನು ಕೆಡಿಸಿ, ಜೀನ್‌ನ ಕೆಲಸ ಬದಲಾಯಿತೇ ಎಂದು ಅಳೆಯಬೇಕು. ಜೆಲ್ ಚಿತ್ರವೊಂದನ್ನೇ ಮುಂದಿಟ್ಟು ಜೀನ್ ನಿಯಂತ್ರಣದ ಮಾತಾಡುವ ಪ್ರಬಂಧವನ್ನು ನಂಬುವಂತಿಲ್ಲ.