ಹಾಸ್ಯ: ಒಂದು ಪದವಿಚಾರ

‘ಹಸ್’ ಧಾತುವಿನಿಂದ ಹುಟ್ಟಿದ ‘ಹಾಸ್ಯ’ಕ್ಕೆ ಕನ್ನಡದ ‘ನಗೆ’ ಸಮೀಪವರ್ತಿ. ‘ಅಪ’ ಎಂಬ ಉಪಸರ್ಗ ಸೇರಿದೊಡನೆ ಹಾಸ್ಯವು ಅಪಹಾಸ್ಯವಾಗುತ್ತದೆ. ‘ಕೇಡು’ ಸೇರಿದೊಡನೆ ನಗೆಯು ನಗೆಗೇಡಾಗುತ್ತದೆ. ಭರತಮುನಿಯ ನಾಟ್ಯಶಾಸ್ತ್ರವು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ-ಹಸಿತಗಳನ್ನು ಉತ್ತಮರಿಗೂ, ವಿಹಸಿತ-ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ-ಅತಿಹಸಿತಗಳನ್ನು ಅಧಮರಿಗೂ ಹೇಳಿದೆ.

ದಿನಬಳಕೆಯಲ್ಲಿಯೂ ಈ ತಾರತಮ್ಯವುಂಟು. ವಿನೋದ, ತಮಾಷೆಗಳಲ್ಲಿ ಎಲ್ಲರೂ ಕೂಡಿ ನಗುವರು. ಗೇಲಿ, ಲೇವಡಿಗಳಲ್ಲಿ ಒಬ್ಬನನ್ನು ಹೊರಗಿಟ್ಟು ನಗುವರು.

ತೆಲುಗು ಕನ್ನಡಗಳೆರಡೂ ನಡೆಯುವ ಗೌರಿಬಿದನೂರು ಸೀಮೆಯ ಕುಡುಮಲಕುಂಟೆಯಂಥ ಊರಿನಲ್ಲಿ, ಮನೆಮಾತು ತೆಲುಗಾದ ಬಾಲಕನು ಕನ್ನಡ ಪಾಠ ಓದುವಾಗ ತಡವರಿಸಿದರೆ ತರಗತಿಯು ನಕ್ಕೀತು. ಆ ನಗೆಯಲ್ಲಿ ಅವನೂ ಸೇರಿದರೆ ಹಾಸ್ಯ, ತಲೆತಗ್ಗಿಸಿದರೆ ಅಪಹಾಸ್ಯ. ಉಪಸರ್ಗವನ್ನು ಸೇರಿಸುವುದೂ ಬಿಡುವುದೂ ಉಪಾಧ್ಯಾಯರ ಕೈಯಲ್ಲಿದೆ.